ಬುತ್ತಿಯ ಜೊತೆ ಕಟ್ಟಿಕೊಟ್ಟ ತೋಟೆ

ಸ್ಯಾಲಿಸ್‌ಬರಿ, ಅಡಿಲೇಡ್
29 ಸೆಪ್ಟೆಂಬರ್ 1997

ಪ್ರಿಯ ಉದಯ,

ನೀನು, ಮೈಥಿಲಿ, ಮಗಳು ಪ್ರಣತಿ ಸುಖವಾಗಿ ಪರ್ತ್ ಮುಟ್ಟಿದ್ದನ್ನು ಫೋನಿನಲ್ಲಿ ಲೂಸಿಗೆ ಹೇಳಿದೆಯಂತೆ. ನಾನು ಶೆಡ್ಡಿನಿಂದ ಕೈ ಒರೆಸಿಕೊಂಡು ಬರುವಷ್ಟರಲ್ಲಿ ನೀನು ಇಟ್ಟೂ ಬಿಟ್ಟೆ. ಬಾಯಲ್ಲಿ ಹೇಳಿದ್ದು ನಿನ್ನ ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಬಹರೈನಿನ ಹಡಗುಕಟ್ಟೆಯಲ್ಲಿ ಒಂದೇ ಲೇತಿನ ಮೇಲೆ ನೀನು ಹಗಲುಪಾಳಿ, ನಾನು ರಾತ್ರಿಪಾಳಿ ಮಾಡಿದ ಕಾಲದಿಂದ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಬ್ರಿಸ್ಬೇನಿನ ಅಂಗಡಿಯಲ್ಲಿ ನೀನು ಆ ಕೆಡೆಟ್ ಕೋವಿ ಕೊಂಡು ನನ್ನ ಬಳಿ ತಂದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮೊದಲ ಮಹಾಯುದ್ಧಕ್ಕೂ ಮುಂಚೆ ಇಲ್ಲಿಯ ಶಾಲೆಯ ಮಕ್ಕಳಿಗೆ ಗುರಿ ಕಲಿಸಲಿಕ್ಕೆಂದು ಇಂಗ್ಲೆಂಡಿನಲ್ಲಿ ಮಾಡಿಸಿದ ಕೋವಿ ಅದು. ಪಕ್ಕದಲ್ಲಿ ಪುಟ್ಟ ಕಾಂಗರೂ ಮುದ್ರೆ. ಆಮೇಲೆ ಯಾರೋ ರೈತ ಮೊಲ, ನರಿ ಹೊಡೆಯಲು ಇಟ್ಟುಕೊಂಡಿದ್ದಾನೆ. ಅಲ್ಲಿಯವರೆಗೆ ಸರಿ. ಆದರೆ ಅದರ ವಾಲ್‌ನಟ್ ಮರಕ್ಕೆ ಅಡುಗೆಮನೆಯ ಮೇಜಿಗೆ ಹಚ್ಚುವ ವಾರ್ನಿಶ್ ಬಳಿದ ಕಸುಬುಗೇಡಿ ಯಾರೋ, ಅವನು ನನ್ನ ಕೈಗೆ ಸಿಗಲಿ. ಅದನ್ನು ಕೆರೆದು ತೆಗೆದು, ಅಗಸೆ ಎಣ್ಣೆ ಕುಡಿಸಿ ಕುಡಿಸಿ ಮರದ ಬಣ್ಣ ವಾಪಸ್ ತರಲಿಕ್ಕೆ ಇಡೀ ಚಳಿಗಾಲ ಹಿಡಿಯಿತು. ಉಕ್ಕನ್ನು ಪಾಲಿಶ್ ಮಾಡಲಿಲ್ಲ. ಮುದ್ರೆ ಅಳಿಸಿದರೆ ಅದು ಕೊಳವೆ, ಕೋವಿಯಲ್ಲ.

ಇದರ ಗುಂಡು ಇಂದಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಗುಂಡಿನ ಮುಂಭಾಗ ಹಿತ್ತಾಳೆ ಕೇಸಿನಷ್ಟೇ ದಪ್ಪ, ಕೇಸಿನೊಳಗೆ ಕೂರುವ ಹಿಂಭಾಗ ಮಾತ್ರ ತೆಳ್ಳಗೆ. ಜನ ಅದೇ ರೀತಿ ಕಾಣುವ ಬೇರೆ ತೋಟೆ ತುರುಕಿ ಹೊಡೆದು, ಗುರಿ ತಪ್ಪಿತೆಂದು ಕೋವಿಗೆ ಬೈಯುತ್ತಾರೆ. ನಾನು ಅಚ್ಚು ಕೊರೆದು, ಸೀಸ ಕರಗಿಸಿ, ಗುಂಡು ಎರಕ ಹೊಯ್ದು, ಹಿತ್ತಾಳೆ ಕೇಸಿಗೆ ಮದ್ದು ಹಾಕಿ ಗುಂಡು ಕೂರಿಸಿ ತೋಟೆ ತುಂಬಿದ್ದೇನೆ.

ಲೂಸಿ ದಾರಿಗೆಂದು ಚಿತ್ರಾನ್ನ ಕಟ್ಟುವಾಗ ಆ ತೋಟೆಗಳ ಡಬ್ಬಿಯನ್ನೂ ನಿನ್ನ ಕೈಗಿಟ್ಟೆನಲ್ಲ, ಅದು ತಪ್ಪು. ತೋಟೆ ತುಂಬುವವರಲ್ಲಿ ಒಂದು ನಿಯಮವಿದೆ: ತಾನು ತುಂಬಿದ್ದನ್ನು ತಾನೇ ಹೊಡೆಯಬೇಕು, ಇನ್ನೊಬ್ಬನಿಗೆ ಕೊಡಕೂಡದು, ಇನ್ನೊಬ್ಬನದು ಹೊಡೆಯಕೂಡದು. ನಮ್ಮ ಶೂಟಿಂಗ್ ಕ್ಲಬ್ಬಿನಲ್ಲೂ ಅದೇ ಕಾನೂನು. ಹೋದ ವರ್ಷ ಟಾಸ್ಮೇನಿಯಾದಲ್ಲಿ ಒಬ್ಬ ಕೋವಿ ಹಿಡಿದು ಅಷ್ಟೊಂದು ಜನರನ್ನು ಕೊಂದ ಆ ಅನಾಹುತವಾದ ಮೇಲೆ ಎಲ್ಲವೂ ಬಿಗಿಯಾಗಿದೆ, ಬಿಗಿಯಾಗಬೇಕಾದದ್ದೇ. ಕ್ಲಬ್ ಹೋದರೆ ಲೈಸೆನ್ಸ್ ಹೋಯಿತು, ಲೈಸೆನ್ಸ್ ಹೋದರೆ ನನ್ನ ಶೆಡ್ಡಿಗೆ ಬೀಗ. ಗೊತ್ತಿದ್ದೂ ಕೊಟ್ಟೆ. ಮನೆಗೆ ಬಂದವನನ್ನು, ಹೊಡೆಯಲು ಒಂದು ತೋಟೆಯೂ ಇಲ್ಲದ ಕೋವಿ ಕೊಟ್ಟು ಕಳಿಸುವುದು ಹೇಗೆ ಮಾರಾಯ?

ಒಂದೇ ಮಾತು. ಹೊಡೆಯುವ ಮುಂಚೆ ನಳಿಗೆಯಲ್ಲಿ ಒಣಬಟ್ಟೆ ಹಾಯಿಸು. ತುಕ್ಕು ಹಿಡಿಯದಿರಲೆಂದು ಒಳಗೆ ಎಣ್ಣೆ ಹಚ್ಚಿದ್ದೇನೆ.

ನಿನ್ನ,
ಪ್ಲಾಸಿಡ್


ಕ್ಯಾನಿಂಗ್‌ಟನ್, ಪರ್ತ್
14 ಅಕ್ಟೋಬರ್ 1997

ಪ್ಲಾಸಿಡ್,

ಎಡಗೈಗೆ ಹೊಲಿಗೆ ಬಿದ್ದಿದೆ. ಬಲಗೈ ನೆಟ್ಟಗಿರುವುದರಿಂದ ಈ ಕಾಗದ.

ಮೊನ್ನೆ ಭಾನುವಾರ ಕ್ಲಬ್ಬಿನ ಶೂಟಿಂಗ್ ರೇಂಜಿಗೆ ಕೋವಿ ಒಯ್ದೆ. ಎಲ್ಲರೂ ಸುತ್ತ ಸೇರಿದರು. ಮರ ನೋಡಿ, ಮುದ್ರೆ ನೋಡಿ, ಯಾರು ಮಾಡಿದ್ದು ಎಂದು ಕೇಳಿದರು. ನನ್ನ ಗೆಳೆಯ, ಅಡಿಲೇಡಿನವನು ಎಂದು ಎದೆಯುಬ್ಬಿಸಿ ಹೇಳಿದೆ. ನಿನ್ನ ಡಬ್ಬಿಯ ಮೊದಲನೇ ತೋಟೆ ಹಾಕಿ ಕುದುರೆ ಒತ್ತಿದೆ. ಕೈಯಡಿಯ ಮರ ಸೀಳಿ ಚಕ್ಕೆ ಅಂಗೈಗೆ ಹೊಕ್ಕಿತು. ನಳಿಗೆ ಕಪ್ಪೆ ನುಂಗಿದ ಹಾವಿನ ಹಾಗೆ ಉಬ್ಬಿ ಕುಳಿತಿದೆ.

ನೀನು ಮದ್ದು ಎರಡು ಸಲ ಸುರಿದಿದ್ದೀಯ. ಇಲ್ಲಿ ಎಲ್ಲರೂ ಹೇಳಿದ್ದು ಅದನ್ನೇ. ರೇಂಜ್ ಆಫೀಸರ್ ತೋಟೆ ಯಾರದೆಂದು ಕೇಳಿದ. ನಿನ್ನ ಹೆಸರು, ಊರು, ಕ್ಲಬ್ಬು ಹೇಳಿದೆ. ಹೇಳದೆ ಇನ್ನೇನು ಮಾಡಲಿ, ಕೈಯಿಂದ ರಕ್ತ ಸೋರುತ್ತಿತ್ತು. ಉಳಿದ ತೋಟೆಗಳನ್ನೂ ಅವನೇ ತೆಗೆದುಕೊಂಡ.

ಚಕ್ಕೆ ಮುಖದ ಕಡೆಗೆ ಸಿಡಿದಿದ್ದರೆ ನನ್ನ ಕಣ್ಣು ಹೋಗುತ್ತಿತ್ತು. ಇಷ್ಟು ವರ್ಷದ ನಂಬಿಕೆಗೆ ಇದೇನಾ ಬೆಲೆ? ಮೈಥಿಲಿ ಆಸ್ಪತ್ರೆಯಲ್ಲಿ ರಕ್ತ ಹತ್ತಿದ ನನ್ನ ಅಂಗಿ ಮಡಿಸುತ್ತಾ ಕುಳಿತಿದ್ದಳು. ಅವಳ ಮುಖ ನೋಡಿದ್ದರೆ ನಿನಗೆ ತಿಳಿಯುತ್ತಿತ್ತು.

ಉದಯಶಂಕರ್


ಸ್ಯಾಲಿಸ್‌ಬರಿ
23 ಅಕ್ಟೋಬರ್ 1997

ಶ್ರೀ ಉದಯಶಂಕರ್ ಅವರಿಗೆ,

ನಿಮ್ಮ ಕೈ ಬೇಗ ವಾಸಿಯಾಗಲಿ ಎಂದು ಲೂಸಿ ಪ್ರಾರ್ಥಿಸಿದ್ದಾಳೆ. ನಾನೂ ಪಕ್ಕದಲ್ಲಿ ಮೊಣಕಾಲೂರಿದ್ದೆ. ಅದು ಬೇರೆ, ಇದು ಬೇರೆ.

ನಾನು ಮದ್ದು ಎರಡು ಸಲ ಸುರಿಯುವವನಲ್ಲ. ಸುರಿದರೂ ಆ ಕೇಸಿಗೆ ಹಿಡಿಯುವುದಿಲ್ಲ. ನಾನು ಆರಿಸಿಕೊಂಡ ಮದ್ದು ಹಗುರ, ಒಂದು ಅಳತೆಗೇ ಕೇಸು ಅರ್ಧಕ್ಕೂ ಮೇಲೆ ತುಂಬುತ್ತದೆ. ಎರಡನೇ ಸಲ ಸುರಿದರೆ ಉಕ್ಕಿ ಬೆಂಚಿನ ಮೇಲೆ ಚೆಲ್ಲುತ್ತದೆ. ಚೆಲ್ಲಲಿ ಎಂದೇ ಆ ಮದ್ದು. ಮೇಲಿಂದ ಪ್ರತಿ ಕೇಸಿನೊಳಗೂ ಟಾರ್ಚ್ ಬಿಟ್ಟು ನೋಡಿ ಆಮೇಲೆ ಗುಂಡು ಕೂರಿಸುತ್ತೇನೆ. ಇದನ್ನು ಹಿಂದೊಮ್ಮೆ ಬಂದಾಗ ನೀವೇ ನನ್ನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತು ನೋಡಿದ್ದೀರಿ.

ಈಗ ನನ್ನದು ಒಂದು ಪ್ರಶ್ನೆ. ನಳಿಗೆ ಉಬ್ಬಿದ್ದು ಎಲ್ಲಿ? ಹಿಂದುಗಡೆ, ತೋಟೆ ಕೂರುವ ಜಾಗದ ಹತ್ತಿರವೋ, ಮುಂದುಗಡೆ, ಬಾಯಿಯ ಹತ್ತಿರವೋ? ಮದ್ದು ಹೆಚ್ಚಾದರೆ ಹಿಂದೆ ಒಡೆಯುತ್ತದೆ. ಮುಂದೆ ಉಬ್ಬಿದರೆ ಒಳಗೆ ಏನೋ ಅಡ್ಡ ಇತ್ತು ಎಂದೇ ಲೆಕ್ಕ. ಕೈಯಡಿಯ ಮರ ಸೀಳಿತು ಎಂದಿದ್ದೀರಿ. ಆ ಮರ ಬಾಯಿಯ ಕಡೆಗೇ ಚಾಚಿಕೊಂಡಿದೆ.

ಒಣಬಟ್ಟೆ ಹಾಯಿಸಿದಿರಾ? ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು.

ಪ್ಲಾಸಿಡ್


ಕ್ಯಾನಿಂಗ್‌ಟನ್
9 ನವೆಂಬರ್ 1997

ಪ್ಲಾಸಿಡ್,

ಈ 'ಅವರಿಗೆ', 'ನಿಮ್ಮ' ಎಲ್ಲ ಯಾಕೆ? ಪೊಲೀಸ್ ಠಾಣೆಯಲ್ಲಿ ಹೇಳಿಕೆ ತೆಗೆದುಕೊಳ್ಳುವ ಹಾಗಿದೆ. ಗಾಯವಾದದ್ದು ನನಗೆ. ಪ್ರಶ್ನೆ ಕೇಳಬೇಕಾದವನು ನಾನು.

ಎಲ್ಲಿ ಉಬ್ಬಿದೆ ಎಂದು ಟೇಪು ಹಿಡಿದು ಅಳೆಯುತ್ತಾ ಕೂರುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೋವಿ ನೀನು ಕೊಟ್ಟ ಹಾಗೆಯೇ ಇತ್ತು. ಚೊಕ್ಕಟವಾಗಿತ್ತು. ಅಷ್ಟು ಸಾಕು.

ಬರೆಯಬಾರದೆಂದುಕೊಂಡಿದ್ದೆ, ಬರೆಸುತ್ತಿದ್ದೀಯ. ನಾವು ಹೊರಡುವ ಹಿಂದಿನ ದಿನ ನಿಮ್ಮ ಹಿತ್ತಲಿನಲ್ಲಿ ಮಾಂಸ ಸುಟ್ಟು ತಿಂದ ಬಾರ್ಬಿಯಲ್ಲಿ ನಿನ್ನ ಕೈಯಲ್ಲಿ ಬಿಯರ್ ಇತ್ತು. ಅಂದೇ ಸಂಜೆ ಡಬ್ಬಿಗೆ ಮುಚ್ಚಳ ಹಾಕಿದ್ದನ್ನು ನಾನು ಕಂಡಿದ್ದೇನೆ. ಕ್ಲಬ್ಬಿನವರು ಕೇಳಿದಾಗ ಇದನ್ನೂ ಹೇಳಬೇಕಾಯಿತು. ಅವರು ನಿಮ್ಮ ಕ್ಲಬ್ಬಿಗೆ ಬರೆದಿದ್ದಾರೆ. ನಾನು ದೂರು ಕೊಟ್ಟಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟೆ.

ಉದಯ


ಸ್ಯಾಲಿಸ್‌ಬರಿ
2 ಡಿಸೆಂಬರ್ 1997

ಉದಯಶಂಕರ್,

ನಿನ್ನ ಉತ್ತರದ ಫಲ ಗುರುವಾರ ಆರ್ವೋ, ಮಧ್ಯಾಹ್ನದ ಊಟವಾದ ಮೇಲೆ, ನನ್ನ ಮನೆ ಬಾಗಿಲಿಗೆ ಬಂತು. ಇಬ್ಬರು ಪೊಲೀಸರು. ಮರ್ಯಾದಸ್ಥರು, ಬೂಟು ಒರೆಸಿಕೊಂಡೇ ಒಳಗೆ ಬಂದರು. ನನ್ನ ಎರಡು ಕೋವಿ, ರಿಪೇರಿಗೆಂದು ಬಂದಿದ್ದ ಇನ್ನೊಬ್ಬರ ಕೋವಿ, ತೋಟೆ ಒತ್ತುವ ಪ್ರೆಸ್ಸು, ಕೇಪು, ಮದ್ದು, ನಿನ್ನ ಕೋವಿಗೆಂದೇ ನಾನು ಕೊರೆದ ಗುಂಡಿನ ಅಚ್ಚು ಎಲ್ಲವನ್ನೂ ಹೊತ್ತುಕೊಂಡು ಹೋದರು. ಬೀದಿಯವರೆಲ್ಲ ಬೇಲಿಗೆ ಆತು ನೋಡಿದರು. ಪಕ್ಕದ ಮನೆಯವಳು ತನ್ನ ಮಕ್ಕಳನ್ನು ಒಳಗೆ ಕರೆದುಕೊಂಡಳು. ಹನ್ನೊಂದು ವರ್ಷದಿಂದ ಕ್ರಿಸ್‌ಮಸ್‌ಗೆ ನಮ್ಮ ಮನೆಯ ಕುಸ್ವಾರ್ ತಿಂಡಿ ತಿಂದ ಮಕ್ಕಳು ಅವು.

ಕ್ಲಬ್ಬಿನಿಂದ ನನ್ನನ್ನು ಅಮಾನತು ಮಾಡಿದ್ದಾರೆ. ಫೆಬ್ರವರಿ ಕೊನೆಗೆ ವಿಚಾರಣೆ. ಕುಡಿದು ಮದ್ದು ತುಂಬಿದವನು ಎಂದು ತೀರ್ಮಾನವಾದರೆ ಲೈಸೆನ್ಸ್ ಕಾಯಂ ಹೋಗುತ್ತದೆ. ಇನ್ನು ಯಾರೂ ತಮ್ಮ ಅಜ್ಜನ ಕೋವಿಯನ್ನು ನನ್ನ ಕೈಗೆ ಕೊಡುವುದಿಲ್ಲ. ಫ್ಯಾಕ್ಟರಿ ನನಗೆ ಸಂಬಳ. ಶೆಡ್ಡು ನನಗೆ ಜೀವ. ನಿನಗದು ಗೊತ್ತು.

ಬಿಯರ್ ವಿಷಯ. ಡಬ್ಬಿಗೆ ಮುಚ್ಚಳ ಹಾಕಿದ್ದು ಅಂದು. ತೋಟೆ ತುಂಬಿದ್ದು ಅದರ ಹಿಂದಿನ ಶನಿವಾರ, ಬೆಳಗಿನ ಚಾ ಕುಡಿದು. ನೀವು ಆಗಿನ್ನೂ ಅಡಿಲೇಡಿಗೆ ಬಂದೇ ಇರಲಿಲ್ಲ. ಲೂಸಿ ನಿನ್ನ ಕಾಗದ ಓದಿ, "ಅವನು ನಮ್ಮ ಮನೆಯಲ್ಲಿ ಉಂಡು ಎಂತ ನೋಡುತ್ತಾ ಇದ್ದದ್ದು, ನಿಮ್ಮ ಗ್ಲಾಸಾ?" ಎಂದು ಕೇಳಿದಳು.

ನನ್ನ ಪ್ರಶ್ನೆಗೆ ನೀನು ಉತ್ತರಿಸಿಲ್ಲ. ನಳಿಗೆ ಕಳಿಸು. ಇಲ್ಲಿಯ ಲೈಸೆನ್ಸ್ ಇರುವ ಕೋವಿ ಡೀಲರ್ ಬಳಿ ಮಾತಾಡಿದ್ದೇನೆ, ಅವನ ಅಂಗಡಿಯಲ್ಲಿ ಅವನ ಎದುರಿಗೇ ನೋಡುತ್ತೇನೆ. ಕಳಿಸದಿದ್ದರೆ, ಯಾಕೆ ಕಳಿಸಲಿಲ್ಲ ಎಂದು ನಾನೇ ತಿಳಿದುಕೊಳ್ಳುತ್ತೇನೆ.

ಪ್ಲಾಸಿಡ್


ಕ್ಯಾನಿಂಗ್‌ಟನ್
5 ಜನವರಿ 1998

ನಳಿಗೆ ಡೀಲರ್ ಮೂಲಕ ಕಳಿಸಿದ್ದೇನೆ. ನೋಡು, ಅಳೆ, ಏನು ಬೇಕಾದರೂ ಮಾಡು.

ನನಗೆ ಬ್ರಿಸ್ಬೇನಿಗೆ ವರ್ಗವಾಗಿದೆ. ಮನೆಯೆಲ್ಲ ಪೆಟ್ಟಿಗೆ. ಹೊಸ ವಿಳಾಸ ಹಿಂದೆ ಬರೆದಿದ್ದೇನೆ. ತೀರಾ ಅಗತ್ಯವಿದ್ದರೆ ಮಾತ್ರ ಬರೆ. ನನಗೂ ಸಾಕಾಗಿದೆ.

ಉದಯಶಂಕರ್


ಸ್ಯಾಲಿಸ್‌ಬರಿ
27 ಜನವರಿ 1998

ಉದಯ,

ತೀರಾ ಅಗತ್ಯವಿದೆ.

ನಳಿಗೆ ಉಬ್ಬಿದ್ದು ಬಾಯಿಯಿಂದ ಒಂದು ಗೇಣು ಒಳಗೆ. ಹಿಂದುಗಡೆ ಕೂದಲೆಳೆಯಷ್ಟೂ ಹಿಗ್ಗಿಲ್ಲ. ಡೀಲರ್ ಅಳೆದು ನೋಡಿ ತುಟಿ ಕಚ್ಚಿಕೊಂಡ. ಕಳಿಸುವ ಮುಂಚೆ ನೀನು ಒಳಗೆ ಚೆನ್ನಾಗಿ ಉಜ್ಜಿದ್ದೀಯ. ಆದರೆ ಉಬ್ಬಿದ ಕಡೆ ಬಳೆಯ ಹಾಗೆ ಒಂದು ಹಳ್ಳ ಬಿದ್ದಿದೆಯಲ್ಲ, ಬ್ರಷ್ಷು ಅಲ್ಲಿಗೆ ಮುಟ್ಟುವುದಿಲ್ಲ. ನಾನು ಕಡ್ಡಿಗೆ ಬಿಳಿ ಬಟ್ಟೆ ಸುತ್ತಿ ಹಳ್ಳದಲ್ಲಿ ತಿರುಗಿಸಿದೆ.

ಬಟ್ಟೆ ಹಳದಿಯಾಗಿ ಬಂತು.

ಮದ್ದಿನ ಮಸಿ ಕಪ್ಪು. ಸೀಸ ಬೂದು. ತುಕ್ಕು ಕೆಂಪು. ಹಳದಿ ಯಾವುದು? ಡೀಲರಿಗೆ ತಿಳಿಯಲಿಲ್ಲ, ಯಾವುದೋ ಎಣ್ಣೆ ಇರಬೇಕೆಂದ. ಹಳದಿಯ ಜೊತೆ ಉಗುರಿನಷ್ಟು ಸುಟ್ಟ ಬಿದಿರಿನ ಸಿಬಿರು. ನನಗೆ ಮೂಸಿ ನೋಡಬೇಕಾಗಲೂ ಇಲ್ಲ. ಮಂಗಳೂರಿನಲ್ಲಿ ನಾನು ಕೆಲಸ ಕಲಿತ ವರ್ಕ್‌ಶಾಪಿನ ಮಾಲೀಕರು ನಮ್ಮ ಚರ್ಚಿನವರೇ. ಆದರೂ ಆಯುಧಪೂಜೆಯ ದಿನ ಲೇತು, ಡ್ರಿಲ್ಲು, ಗರಗಸ ಎಲ್ಲಕ್ಕೂ ಅರಿಶಿನ ಕುಂಕುಮ, ಎಲ್ಲಿ ತೂತು ಕಂಡರೂ ಅಲ್ಲೊಂದು ಅಗರಬತ್ತಿ. ಮಾರನೆಯ ದಿನ ಲೇತಿನಲ್ಲಿ ಕಬ್ಬಿಣ ಕಚ್ಚಿ ಹಿಡಿಯುವ ಚಕ್ಕಿನೊಳಗಿಂದ ಒಣಗಿದ ಅರಿಶಿನ ಕೆರೆದು ತೆಗೆಯುವುದು ನನ್ನ ಕೆಲಸ. ಕಲ್ಲಿನ ಹಾಗೆ ಕಚ್ಚಿಕೊಂಡಿರುತ್ತಿತ್ತು.

ಮನೆಗೆ ಬಂದು ಲೂಸಿಯ ಊರಿನ ಕ್ಯಾಲೆಂಡರ್ ತೆಗೆದೆ. ಆಯುಧಪೂಜೆ ಶುಕ್ರವಾರ. ನೀನು ರೇಂಜಿಗೆ ಹೋದದ್ದು ಭಾನುವಾರ.

ನೀನು ಪೂಜೆ ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಬಟ್ಟೆ ಹಾಯಿಸದೆ ಹೊಡೆದದ್ದಕ್ಕೆ ಸಿಟ್ಟಿದೆ, ಆದರೆ ಅಂಥ ತಪ್ಪು ಯಾರಿಗೂ ಆಗುತ್ತದೆ. ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ನಾನು ಎಲ್ಲಿ ಉಬ್ಬಿದೆ ಎಂದು ಕೇಳಿದ ದಿನವೇ ನಿನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಬಿಯರ್ ಗ್ಲಾಸು ತಂದು ಮುಂದಿಟ್ಟೆ. ಕ್ಲಬ್ಬಿನ ಬಿಳಿಯರ ಎದುರು ಕೋವಿಯ ಬಾಯಿಗೆ ಅಗರಬತ್ತಿ ಸಿಕ್ಕಿಸಿದೆ ಎನ್ನಲು ನಾಚಿಕೆ. ಗೆಳೆಯನನ್ನು ಕುಡುಕ ಎನ್ನಲು ನಾಚಿಕೆಯಾಗಲಿಲ್ಲ.

ಆ ಬಟ್ಟೆ ನನ್ನ ಬಳಿಯಿದೆ. ವಿಚಾರಣೆಯ ಮೇಜಿನ ಮೇಲೆ ಇಟ್ಟರೆ ನನ್ನ ಅರ್ಧ ಕಷ್ಟ ಮುಗಿಯುತ್ತದೆ. ಇಡುವುದಿಲ್ಲ. ಇದೇನೆಂದು ಅವರು ಕೇಳುತ್ತಾರೆ, ನಿನ್ನ ಮನೆಯ ದೇವರ ಕೋಣೆಯ ವಿಷಯ ನಾನು ಹೇಳಬೇಕಾಗುತ್ತದೆ, ನಗುವವರು ನಗುತ್ತಾರೆ. ಅದು ನನ್ನ ಬಾಯಿಂದ ಬರುವ ಮಾತಲ್ಲ. ನೀನೇ ಹೇಳಬೇಕು. ಫೆಬ್ರವರಿ 26, ಗುರುವಾರ. ಹೇಳದಿದ್ದರೆ ಲೈಸೆನ್ಸ್ ಹೋಗಲಿ. ಅದರ ಜೊತೆ ನೀನೂ ಹೋದೆ ಎಂದುಕೊಳ್ಳುತ್ತೇನೆ.

ಪ್ಲಾಸಿಡ್


ಸನ್ನಿಬ್ಯಾಂಕ್, ಬ್ರಿಸ್ಬೇನ್
3 ಮಾರ್ಚ್ 1998

ಪ್ಲಾಸಿಡ್,

ಗುರುವಾರ ಅಡಿಲೇಡಿನಲ್ಲಿ ಆ ವಿಚಾರಣೆಯ ಕಟ್ಟಡದ ಕಾರಿಡಾರಿನಲ್ಲಿ ನೀನು ಬೆಂಚಿನ ಮೇಲೆ ಕೂತಿದ್ದೆ. ನಾನು ನಿನ್ನ ಮುಂದೆಯೇ ಒಳಗೆ ಹೋದೆ, ಹೊರಗೂ ಬಂದೆ. ನೀನು ಗೋಡೆ ನೋಡುತ್ತಿದ್ದೆ. ಆಮೇಲೆ ನೀನು ಕಾರು ಹತ್ತಿ ಹೊರಟುಹೋದೆ. ಒಳಗೆ ನಡೆದದ್ದನ್ನು ನಾನೇ ತಿಳಿಸಬೇಕಲ್ಲ.

ಅದಕ್ಕೆ ಮುಂಚೆ ಒಂದು. ನಿನ್ನ ಕಾಗದ ಬಂದು ಎರಡು ವಾರ ಡ್ರಾಯರಿನಲ್ಲಿತ್ತು. ಏನೂ ಮಾಡಲಿಲ್ಲ. ನೀನೇ ಬಟ್ಟೆ ತೋರಿಸಿಬಿಡಬಾರದೇ ಎಂದು ನಿನ್ನ ಮೇಲೇ ಸಿಡಿಮಿಡಿಗೊಂಡು ತಿರುಗುತ್ತಿದ್ದೆ. ಮೈಥಿಲಿ ಓದಿದಳು. ಓದಿ ನನ್ನೆದುರು ಇಟ್ಟು, "ಆ ಅರಿಶಿನ ಕಲಸಿಕೊಟ್ಟೋಳು ನಾನು. ನೀವು ಹೋಗಿ ಹೇಳದಿದ್ರೆ ನಾನೇ ಹೋಗ್ತೀನಿ. ಲೂಸಿ ಮುಖ ನಾನು ಇನ್ನೊಂದ್ಸಲ ನೋಡ್ಬೇಕು" ಎಂದಳು. ಮಾರನೆಯ ದಿನವೇ ಟಿಕೆಟ್ ಮಾಡಿಸಿದೆ.

ಇಷ್ಟು ವರ್ಷ ಇಲ್ಲಿ ಆಯುಧಪೂಜೆ ಎಂದರೆ ಕಾರಿಗೆ, ಹುಲ್ಲು ಕತ್ತರಿಸುವ ಮೆಷಿನ್ನಿಗೆ, ವ್ಯಾಕ್ಯೂಮ್ ಕ್ಲೀನರಿಗೆ ಕುಂಕುಮ ಇಡುತ್ತಿದ್ದೆವು. ಈ ಸಲ ನಿಜವಾದ ಆಯುಧ, ಅದೂ ನಿನ್ನ ಕೈಯಲ್ಲಿ ಹೊಸ ಹುಟ್ಟು ಪಡೆದದ್ದು. ಮಣೆಯ ಮೇಲೆ ನಿಲ್ಲಿಸಿ ಹೂವಿಟ್ಟೆವು. ಅಗರಬತ್ತಿ ನಿಲ್ಲಲೆಂದು ಬಾಯಿಗೆ ಅರಿಶಿನ ಮೆತ್ತಿದೆ. ಕಡ್ಡಿ ಮುರಿದು ಅರಿಶಿನದ ಸಮೇತ ಒಳಗೆ ಜಾರಿತು. ಹೊರಗೆ ಒರೆಸಿದೆ, ಒಳಗಿನದು ನಾಳೆ ಎಂದುಕೊಂಡೆ, ಮರೆತೆ. ಗುಂಡು ಹಾರಿದ ಕ್ಷಣವೇ ನೆನಪಾಯಿತು. ಕೈ ನೋಯುವುದಕ್ಕೂ ಮುಂಚೆ ನೆನಪಾಯಿತು ಪ್ಲಾಸಿಡ್. ಎಲ್ಲರೂ ತೋಟೆ ಯಾರದೆಂದು ಕೇಳುತ್ತಿದ್ದರು. ಅವರು ಕೇಳಿದ್ದು ನನಗೆ ಅನುಕೂಲವಾಯಿತು.

ಇದನ್ನೆಲ್ಲ ಆ ಮೇಜಿನ ಮುಂದೆ ನಿಂತು ಹೇಳಿದೆ. ಬಿಯರ್ ವಿಷಯವೂ ನನಗೆ ಗೊತ್ತಿಲ್ಲದೆ ಆಡಿದ್ದು ಎಂದೆ. ನಗುತ್ತಾರೆಂದು ಕಾದೆ. ಯಾರೂ ನಗಲಿಲ್ಲ. ನಡುವೆ ಕೂತಿದ್ದ ಮುದುಕ, ಆಮೇಲೆ ಬಟ್ಟೆ ಹಾಯಿಸಿದ್ದೆಯಾ ಎಂದು ಕೇಳಿದ. ಇಲ್ಲ ಎಂದೆ. ಬರೆದುಕೊಂಡ. ಬೇಸಿಗೆಯಲ್ಲಿ ಕಣಜ ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟುತ್ತದೆ, ನನ್ನದೇ ಒಂದು ಕೋವಿ ಹಾಗೆ ಉಬ್ಬಿಹೋಯಿತು ಎಂದ. ಮಣ್ಣೋ ಅರಿಶಿನವೋ, ಅಡ್ಡ ಅಡ್ಡವೇ ಎಂದ. ಇಷ್ಟೇನಾ ಎನಿಸಿತು. ನಗಲಿಲ್ಲವಲ್ಲ ಎಂದು ನನಗೆ ಸಿಟ್ಟೇ ಬಂತು. ನಕ್ಕಿದ್ದರೆ ಮುಚ್ಚಿಟ್ಟದ್ದಕ್ಕೆ ಒಂದು ನೆಪವಾದರೂ ಸಿಗುತ್ತಿತ್ತು.

ನಿನ್ನ ಬಳಿ ಕ್ಷಮೆ ಕೇಳಲು ಯಾವ ಮುಖವೂ ಇಲ್ಲ. ಆದರೂ ಕೇಳುತ್ತಿದ್ದೇನೆ. ಒಂದು ಸಾಲು ಬರೆ. ಬೈದಾದರೂ ಬರೆ.

ಉದಯ


ಸ್ಯಾಲಿಸ್‌ಬರಿ
30 ಮಾರ್ಚ್ 1998

ಉದಯ,

ಬೈದೇ ಬರೆಯುತ್ತಿದ್ದೇನೆ.

ತೀರ್ಪು ಬಂತು. ಕುಡಿದು ಮದ್ದು ತುಂಬಿದ್ದು, ಎರಡು ಸಲ ಸುರಿದದ್ದು, ಎರಡೂ ಸುಳ್ಳು ಎಂದು ಬರೆದಿದ್ದಾರೆ. ಪರ್ತಿನವರು ಕಳಿಸಿದ ಉಳಿದ ತೋಟೆಗಳನ್ನು ಬಿಚ್ಚಿ ತೂಗಿದರಂತೆ, ಒಂದರಲ್ಲೂ ಹೆಚ್ಚುಕಡಿಮೆ ಇರಲಿಲ್ಲ. ನನ್ನ ಹೆಸರು ನನಗೆ ವಾಪಸ್ ಬಂತು. ಆದರೆ ನಾನು ತುಂಬಿದ ತೋಟೆಯನ್ನು ಇನ್ನೊಬ್ಬನಿಗೆ ಕೊಟ್ಟದ್ದು ನಿಜ. ಅದಕ್ಕೆ ಒಂದು ವರ್ಷ ಲೈಸೆನ್ಸ್ ಇಲ್ಲ. ಮನವಿ ಹಾಕುತ್ತೀಯಾ ಎಂದು ಕೇಳಿದರು. ಬೇಡ ಎಂದೆ. ನಿಯಮ ಸರಿಯಾಗಿದೆ. ನಾನು ನಿನಗೆ ಬುತ್ತಿ ಕಟ್ಟಿದ ಹಾಗೆ ತೋಟೆ ಕಟ್ಟಿಕೊಟ್ಟೆ, ಇವತ್ತು ಮರದ ಹಿಡಿಗಳಿಗೆ ಮಾತ್ರ ಎಣ್ಣೆ ತಿಕ್ಕುತ್ತಾ ಕೂತಿದ್ದೇನೆ. ಕಬ್ಬಿಣ ಮುಟ್ಟುವ ಹಾಗಿಲ್ಲ.

ಕಾರಿಡಾರಿನಲ್ಲಿ ನಿನ್ನನ್ನು ನೋಡಲಿಲ್ಲ ಎಂದುಕೊಳ್ಳಬೇಡ. ನೀನು ಬಾಗಿಲು ತಳ್ಳಿ ಒಳಗೆ ಹೋದದ್ದನ್ನು ನೋಡಿದೆ. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ, ನಿನ್ನ ದನಿ ಪೂರ್ತಿ ಕೇಳಿಸಿತು. ಹೊರಗೆ ಬಂದಾಗ ನಾನು ಬಾಯಿ ತೆಗೆದಿದ್ದರೆ ಹೊಡೆದುಬಿಡುತ್ತಿದ್ದೆ, ಇಲ್ಲ ಅತ್ತುಬಿಡುತ್ತಿದ್ದೆ. ಎರಡನ್ನೂ ಆ ಜಾಗದಲ್ಲಿ ಮಾಡಲು ನನಗೆ ಮನಸ್ಸಿರಲಿಲ್ಲ. ಕಾರಿನಲ್ಲಿ ಕೂತು ಸರ್ವೋವರೆಗೆ ಹೋಗಿ, ಪಂಪಿನ ಪಕ್ಕ ನಿಲ್ಲಿಸಿ, ಪೆಟ್ರೋಲೂ ಹಾಕಿಸದೆ ಕೂತಿದ್ದೆ.

ಕ್ಷಮಿಸಿದೆ ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ಬೆಳಿಗ್ಗೆ ಏಳುವಾಗ ಸಿಟ್ಟು, ಮಲಗುವಾಗ ಸಿಟ್ಟು. ಲೂಸಿ ನಿನಗಾಗಿ ಪ್ರಾರ್ಥಿಸಲು ಹೇಳುತ್ತಾಳೆ. ಮೈಥಿಲಿಗಾಗಿ ಮಾಡುತ್ತೇನೆ, ನಿನ್ನ ಹೆಸರು ಬಂದಾಗ ತುಟಿ ಮುಚ್ಚುತ್ತೇನೆ. ಇದು ಎಷ್ಟು ದಿನ ಎಂದು ನನಗೂ ಗೊತ್ತಿಲ್ಲ.

ಕೋವಿಯ ಉಳಿದ ಭಾಗವನ್ನೂ ಇಲ್ಲಿಯ ಡೀಲರಿಗೇ ಕಳಿಸು. ಸೀಳಿದ ಮರವನ್ನು ಈಗಲೇ ಅಂಟಿಸಿ ಕೂರಿಸುತ್ತೇನೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಲೈಸೆನ್ಸ್ ಬಂದ ಮೇಲೆ ಅದೇ ಕಾಲದ ಇನ್ನೊಂದು ನಳಿಗೆ ಹುಡುಕುತ್ತೇನೆ.

ಅದು ಮುಗಿಯುವ ಹೊತ್ತಿಗೆ ಬರುವ ವರ್ಷದ ಆಯುಧಪೂಜೆ ಆಗುತ್ತದೆ. ಮೂವರೂ ಬನ್ನಿ. ಅರಿಶಿನ ಮೈಥಿಲಿಯೇ ಕಲಸಲಿ. ನನ್ನ ಶೆಡ್ಡಿನಲ್ಲಿ, ನನ್ನ ಕಣ್ಣೆದುರಿಗೆ ಪೂಜೆ ಮಾಡು, ಬೇಕಾದಲ್ಲಿ ಅಗರಬತ್ತಿ ಸಿಕ್ಕಿಸು. ಆಮೇಲೆ ಬಟ್ಟೆ ಹಾಯಿಸುವವನು ನಾನು.

ಹೊರಡುವಾಗ ಲೂಸಿ ದಾರಿಗೆ ಚಿತ್ರಾನ್ನ ಕಟ್ಟಿಕೊಡುತ್ತಾಳೆ. ತೋಟೆ ಕೇಳಬೇಡ.

ಪ್ಲಾಸಿಡ್